ಆದೇಶದಲ್ಲಿ ಕೊನೆಯ ದಿನಾಂಕ ಎಲ್ಲಿದೆ?

ಓದುಗರ ಪತ್ರ: “ಮಹಾಮಾರಿ ಎದುರಿಗಿರುವಾಗ ವ್ಯಕ್ತಿಸ್ವಾತಂತ್ರ್ಯದ ಮಾತೆತ್ತುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ಯಾರದೆಂದು ವ್ಯಾಜ್ಯ ತೆಗೆದಂತೆ. ಕಳೆದ ಸಂಚಿಕೆಯ ನಿಮ್ಮ ಲೇಖನ ಆ ತಪ್ಪು ಮಾಡಿದೆ. ಇನ್ನೊಂದು ಸೋಂಕು ಬಂದರೆ ನೀವಾದರೂ ನಿಯಮ ಪಾಲಿಸುತ್ತೀರಾ?” (ನಿವೃತ್ತ ಶಿಕ್ಷಕರೊಬ್ಬರು)

ಸಂಪಾದಕರ ಉತ್ತರ:

ಮಾನ್ಯರೇ,

ಬಾವಿಯ ಹೋಲಿಕೆ ಸೊಗಸಾಗಿದೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತವರ ಮಾತು ಹೀಗೆಯೇ ಇರಬೇಕು. ನನ್ನ ಉಸಿರು ಪಕ್ಕದವರ ಜ್ವರವಾಗಬಹುದಾದಾಗ ಅದು ನನ್ನೊಬ್ಬನ ವಿಷಯವಲ್ಲ ಎಂಬುದನ್ನು ಒಪ್ಪುತ್ತೇನೆ. 1377ರಲ್ಲಿ ರಗೂಸಾ ನಗರವು (ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್) ಪ್ಲೇಗ್ ಇದ್ದ ಕಡೆಯಿಂದ ಬಂದವರನ್ನು ಮೂವತ್ತು ದಿನ ಹೊರಗೇ ನಿಲ್ಲಿಸಿದ್ದು ಅನ್ಯಾಯವೆಂದು ನಾನೂ ಹೇಳಲಾರೆ. ಆದರೆ ಆ ಆದೇಶದಲ್ಲಿ ದಿನಗಳ ಲೆಕ್ಕವಿತ್ತು ಎಂಬುದನ್ನು ತಾವು ಗಮನಿಸಬೇಕು. ನನ್ನ ತಕರಾರು ಬೆಂಕಿ ಆರಿಸುವವರ ಮೇಲಲ್ಲ, ಬೆಂಕಿ ಆರಿದ ಮೇಲೂ ಬಾವಿ ಬಿಟ್ಟುಕೊಡದವರ ಮೇಲೆ.

1902ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಸಿಡುಬು ಹಬ್ಬಿದಾಗ, ಲಸಿಕೆ ಹಾಕಿಸಿಕೊಳ್ಳಲು ಒಪ್ಪದ ಹೆನ್ನಿಂಗ್ ಜೇಕಬ್ಸನ್ ಎಂಬ ಪಾದ್ರಿಗೆ ಐದು ಡಾಲರ್ ದಂಡ ಬಿತ್ತು. ಚಿಕ್ಕಂದಿನಲ್ಲಿ ಲಸಿಕೆಯಿಂದ ತಾನು ಬಹಳ ನರಳಿದ್ದೆನೆಂದು ಅವರು ವಾದಿಸಿದರು. 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸಮುದಾಯದ ರಕ್ಷಣೆಗೆ ಇಂಥ ಕಟ್ಟಳೆ ಮಾಡಬಹುದೆಂದು ತೀರ್ಪು ಕೊಟ್ಟಿತು. ಅದು ಮನಬಂದಂತೆ, ಅಗತ್ಯವನ್ನು ಮೀರಿ ಇರಬಾರದೆಂದೂ ಎಚ್ಚರಿಸಿತು. ತಮ್ಮಂಥವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮುಂದಿನ ಪುಟವನ್ನೂ ಓದಿ. 1927ರಲ್ಲಿ, ಬುದ್ಧಿಮಾಂದ್ಯಳೆಂಬ ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಕ್ಯಾರಿ ಬಕ್ ಎಂಬ ಯುವತಿಗೆ, ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಅದೇ ನ್ಯಾಯಾಲಯ ಹೇಳಿತು. ಅದಕ್ಕೆ ನ್ಯಾಯಮೂರ್ತಿ ಹೋಮ್ಸ್ ಆಧಾರವಾಗಿ ತೋರಿಸಿದ್ದು ಆ ಐದು ಡಾಲರಿನ ತೀರ್ಪನ್ನೇ. ಲಸಿಕೆಗಾಗಿ ತೆರೆದ ಬಾಗಿಲಿನಿಂದ ಏನೇನು ಒಳಗೆ ಬಂತು ನೋಡಿ.

ಮೇರಿ ಮ್ಯಾಲನ್ ಎಂಬ ಐರಿಷ್ ಅಡುಗೆಯಾಕೆಯ ಕಥೆಯನ್ನು ತಾವೂ ಮಕ್ಕಳಿಗೆ ಹೇಳಿರಬಹುದು. ಆಕೆಯ ದೇಹದಲ್ಲಿ ವಿಷಮಶೀತ ಜ್ವರದ (ಟೈಫಾಯ್ಡ್) ರೋಗಾಣುಗಳಿದ್ದವು, ಆಕೆಗೆ ಮಾತ್ರ ಜ್ವರವಿರಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ಅಧಿಕಾರಿಗಳು ಹಿಡಿದು ದ್ವೀಪವೊಂದರಲ್ಲಿಟ್ಟರು. ಅಡುಗೆ ಕೆಲಸ ಮಾಡಕೂಡದೆಂದು ಮಾತು ತೆಗೆದುಕೊಂಡು 1910ರಲ್ಲಿ ಬಿಟ್ಟರು. ಗಟ್ಟಿಮುಟ್ಟಾಗಿ ಓಡಾಡುವ ಹೆಂಗಸಿಗೆ “ನಿನ್ನಲ್ಲೇ ರೋಗವಿದೆ” ಎಂದರೆ ನಂಬುವುದು ಹೇಗೆ? ಬದಲಿಗೆ ಸಿಕ್ಕ ಬಟ್ಟೆ ಒಗೆಯುವ ಕೆಲಸದಲ್ಲಿ ಅಡುಗೆಯಷ್ಟು ಸಂಬಳವೂ ಇರಲಿಲ್ಲ. ಆಕೆ ಹೆಸರು ಬದಲಿಸಿಕೊಂಡು ಒಂದು ಹೆರಿಗೆ ಆಸ್ಪತ್ರೆಯ ಅಡುಗೆಮನೆ ಸೇರಿದಳು, ಅಲ್ಲಿಯೂ ಜ್ವರ ಹಬ್ಬಿತು. ಅದು ಆಕೆಯ ತಪ್ಪೇ, ಸಣ್ಣದೂ ಅಲ್ಲ. ಆದರೆ 1915ರಿಂದ 1938ರಲ್ಲಿ ಸಾಯುವವರೆಗೆ ಆಕೆಯನ್ನು ಆ ದ್ವೀಪದಲ್ಲೇ ಇಟ್ಟರು. ಅಂಥ ಬೇರೆ ವಾಹಕರು ಅದೇ ನಗರದಲ್ಲಿ ನೂರಾರು ಮಂದಿ ಪತ್ತೆಯಾದರೂ ಯಾರಿಗೂ ಇಂಥ ಶಿಕ್ಷೆಯಾಗಲಿಲ್ಲ. ಆಕೆಯ ಜೀವನಕ್ಕೆ ಬೇರೊಂದು ದಾರಿ ಮಾಡಿಕೊಟ್ಟಿದ್ದರೆ ದ್ವೀಪದ ಖರ್ಚಾದರೂ ಉಳಿಯುತ್ತಿತ್ತು.

ಜನರನ್ನು ಬುದ್ಧಿಯಿಲ್ಲದವರೆಂದು ಬಗೆಯುವ ಅಭ್ಯಾಸ ಹಳೆಯದು. ಇಂಗ್ಲೆಂಡಿನಲ್ಲಿ 1853ರಿಂದ ಕೂಸುಗಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಗಿತ್ತು. 1885ರಲ್ಲಿ ಲೆಸ್ಟರಿನಲ್ಲಿ ಅದನ್ನು ವಿರೋಧಿಸಿ ಸಾವಿರಾರು ಜನ ಬೀದಿಗಿಳಿದರು. ಲಸಿಕೆಯ ವಿಷಯದಲ್ಲಿ ಅವರು ಎಡವಿದರು, ಸಿಡುಬು ತೊಲಗಿದ್ದು ಲಸಿಕೆಯಿಂದಲೇ. ಆದರೂ ರೋಗ ಕಂಡ ಕೂಡಲೇ ಸುದ್ದಿ ಮುಟ್ಟಿಸಿ, ರೋಗಿಯನ್ನು ಬೇರೆಯಿರಿಸಿ, ಒಡನಾಡಿದವರ ಮೇಲೆ ಕಣ್ಣಿಡುವ ಕ್ರಮವನ್ನು ಆ ಊರು ಚೆನ್ನಾಗಿ ರೂಢಿಸಿಕೊಂಡಿತ್ತು. ಸಿಡುಬಿನ ಕೊನೆಯ ಹೋರಾಟದಲ್ಲೂ ಇಂಥದೇ ಹುಡುಕಾಟ ಬೇಕಾಯಿತು. ಆತ್ಮಸಾಕ್ಷಿ ಒಪ್ಪದ ತಂದೆತಾಯಿಗೆ ವಿನಾಯಿತಿ ಸಿಕ್ಕಿದ್ದು 1898ರಲ್ಲಿ.

ಇನ್ನು ನಾವು ಕಣ್ಣಾರೆ ಕಂಡದ್ದು. 2020ರ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲವೆಂದು ಖಚಿತವಾಗಿ ಸಾರಿತ್ತು. ಆಮೇಲೆ ಮಾತು ಬದಲಿಸಬೇಕಾಯಿತು. ತಿಳಿಯದಿದ್ದುದು ಅಪರಾಧವಲ್ಲ, ಆದರೆ ಕಾರಣ ಬಿದ್ದುಹೋದ ಮೇಲೂ ಅದರ ಮೇಲೆ ನಿಂತ ನಿಯಮಗಳು ಬೀಳಲಿಲ್ಲ. ನಾನು ಹೋಗುತ್ತಿದ್ದ ಒಂದು ಕಚೇರಿಯ ಬಾಗಿಲಲ್ಲಿ ಕಾವಲುಗಾರ ದಿನವೂ ನನ್ನ ಹಣೆಗೆ ಥರ್ಮಾಮೀಟರ್ ಹಿಡಿಯುತ್ತಿದ್ದ. ಒಂದು ದಿನ ಅದು 32 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಅಷ್ಟು ತಣ್ಣಗಿದ್ದರೆ ನಾನು ಆಸ್ಪತ್ರೆಯಲ್ಲಿರಬೇಕಿತ್ತು. ಆತ ಅದನ್ನು ನೀಟಾಗಿ ರಿಜಿಸ್ಟರಿನಲ್ಲಿ ಬರೆದು ಒಳಗೆ ಬಿಟ್ಟ. ಅಂಕಣ ತುಂಬಬೇಕಿತ್ತು, ತುಂಬಿತು. ಆ ಸಂಖ್ಯೆಯನ್ನು ಯಾರಾದರೂ ಓದುತ್ತಾರೆಯೇ ಎಂದು ಕೇಳಿದೆ. “ಮೇಲಿನವರ ಆರ್ಡರ್ ಸಾರ್” ಎಂದ. ಆತನನ್ನು ದೂರಲಾರೆ, ಕಾರಣ ಹೇಳದೆ ಸುತ್ತೋಲೆ ಕಳಿಸುವ ಮೇಲಿನವರು ಆತನಿಗೂ ಅದನ್ನು ಹೇಳಿರಲಿಲ್ಲ.

ತಮ್ಮ ಪ್ರಶ್ನೆಗೆ ಉತ್ತರ: ಪಾಲಿಸುತ್ತೇನೆ. ಮಾಸ್ಕು ಮೊದಲ ದಿನವೇ ಕಟ್ಟುತ್ತೇನೆ, ಲಸಿಕೆಗೆ ಸಾಲಿನಲ್ಲಿ ತಮ್ಮ ಹಿಂದೆಯೇ ನಿಲ್ಲುತ್ತೇನೆ. ಸಾಲು ಮುಂದೆ ಸರಿಯುವಷ್ಟರಲ್ಲಿ ಗೋಡೆಗೆ ಅಂಟಿಸಿದ ಆದೇಶವನ್ನು ಪೂರ್ತಿ ಓದಿ, ಅದು ಯಾವ ದಿನಕ್ಕೆ ಮುಗಿಯುತ್ತದೆ ಎಂಬ ಸಾಲನ್ನು ಹುಡುಕುತ್ತಿರುತ್ತೇನೆ. ತಾವೂ ಕನ್ನಡಕ ತಂದಿರಿ.