ಗೂಗಲ್‌ನಿಂದ ದೂರ ಇರಲು ಹಳೆ ಫೋನಿಗೆ ಲಿನಿಯೇಜ್ ಓಎಸ್ (ಆಂಡ್ರಾಯ್ಡ್ ಕೋಡ್‌ನಿಂದಲೇ ಮಾಡಿದ, ಗೂಗಲ್ ಆಪ್‌ಗಳಿಲ್ಲದ ಉಚಿತ ಓಎಸ್) ಹಾಕಿಕೊಳ್ಳಲಾ? ಇಂಥ ಓಎಸ್‌ಗಳಿಗೆ ಭವಿಷ್ಯ ಇದೆಯಾ?

ನಾನೂ ಹಾಕಿಕೊಂಡಿದ್ದೆ. ಕೊನೆಗೆ ಫೋನೇ ಹೋಯಿತು.

ಓಎಸ್‌ದೇನೂ ತಪ್ಪಿಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿದ್ದ ಫೋನು ಲಿನಿಯೇಜ್ ಹಾಕಿದ ಮೇಲೆ ಚೆನ್ನಾಗಿ ಓಡುತ್ತಿತ್ತು. ಬೇಕಾದ ಆಪ್‌ಗಳನ್ನು ಎಫ್-ಡ್ರಾಯ್ಡ್ ಅನ್ನುವ ಮುಕ್ತ ಆಪ್ ಸ್ಟೋರ್‌ನಿಂದ ಹಾಕಿಕೊಂಡು ಆರಾಮಾಗಿದ್ದೆ. ತಕರಾರು ತೆಗೆದದ್ದು ಬ್ಯಾಂಕಿನ ಆಪ್. 'ಈ ಸಾಧನ ಸುರಕ್ಷಿತವಲ್ಲ' ಅಂತ ತೋರಿಸಿ ಮುಚ್ಚಿಕೊಳ್ಳುತ್ತಿತ್ತು. ಯುಪಿಐ ಇಲ್ಲದೆ ಕೊತ್ತಂಬರಿ ಸೊಪ್ಪಿಗೂ ಚಿಲ್ಲರೆ ಹುಡುಕುವ ಪಾಡು.

ಲಿನಿಯೇಜ್ ಹಾಕಲು ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಎಬ್ಬಿಸುವ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿರುವುದಕ್ಕೆ ತಾನೆ ಇಷ್ಟೆಲ್ಲ, ಮತ್ತೆ ಲಾಕ್ ಮಾಡಿದರಾಯ್ತು ಅಂದುಕೊಂಡೆ. ಕಂಪ್ಯೂಟರಿಗೆ ಜೋಡಿಸಿ, ಫಾಸ್ಟ್‌ಬೂಟ್ ಅನ್ನುವ ಟೂಲ್‌ನಲ್ಲಿ ಲಾಕ್ ಕಮಾಂಡ್ ಕೊಟ್ಟೆ. ಫೋನ್ ಆಫ್ ಆಗಿ ಆನ್ ಆಯಿತು. ಕಪ್ಪು ಪರದೆ, ಕೆಂಪು ಗುರುತು: ಈ ಫೋನಿನ ಸಾಫ್ಟ್‌ವೇರ್ ನಂಬುವಂತಿಲ್ಲ, ಶುರುವಾಗುವುದಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಫೋನ್ ತಯಾರಿಸುವ ಕಂಪನಿ ತನ್ನ ಡಿಜಿಟಲ್ ಕೀಯನ್ನು ಫೋನಿನೊಳಗೇ ಕೂರಿಸಿರುತ್ತದೆ. ನನ್ನದರಂಥ ಫೋನಿನಲ್ಲಿ ಬೂಟ್‌ಲೋಡರ್ ಲಾಕ್ ಆಗಿದ್ದರೆ ಆ ಕೀಯ ಸಹಿ ಇರುವ ಓಎಸ್ ಮಾತ್ರ ಏಳುತ್ತದೆ. ನನ್ನ ಲಿನಿಯೇಜ್‌ಗೆ ಇದ್ದದ್ದು ಬೇರೆ ಸಹಿ. ಅನ್‌ಲಾಕ್ ಇರುವವರೆಗೆ ಎಚ್ಚರಿಕೆ ತೋರಿಸಿಯಾದರೂ ಬಿಡುತ್ತಿತ್ತು, ಲಾಕ್ ಆದ ಮೇಲೆ ಅದೂ ಇಲ್ಲ. ಮತ್ತೆ ಅನ್‌ಲಾಕ್ ಮಾಡೋಣ ಅಂದರೆ, ಅದಕ್ಕೆ ಅನುಮತಿ ಕೊಡುವ ಬಟನ್ ಇರುವುದು ಸೆಟ್ಟಿಂಗ್ಸ್ ಒಳಗೆ. ಸೆಟ್ಟಿಂಗ್ಸ್ ತೆರೆಯಲು ಫೋನ್ ಆನ್ ಆಗಬೇಕಲ್ವಾ! ಸರ್ವಿಸ್ ಸೆಂಟರಿನವರು ಮದರ್‌ಬೋರ್ಡ್ ಬದಲಿಸಬೇಕು ಅಂದರು. ಆ ದುಡ್ಡಿಗೆ ಇನ್ನೊಂದು ಫೋನೇ ಬರುತ್ತಿತ್ತು.

ಅದಕ್ಕೇ ಹೇಳುವುದು, 'ಯಾವ ಓಎಸ್' ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಫೋನ್ ಯಾರ ಕೀಯನ್ನು ನಂಬುತ್ತದೆ, ಬ್ಯಾಂಕ್ ಯಾರ ಮಾತನ್ನು ನಂಬುತ್ತದೆ, ಅದನ್ನು ಕೇಳಿ. ಬೇಕಾದ ಆಪ್ ಓಡದಿದ್ದರೆ ಓಎಸ್ ಎಷ್ಟು ಚೆನ್ನಾಗಿದ್ದರೂ ಕಷ್ಟವೇ. 2014ರಲ್ಲಿ ಇಂಟೆಕ್ಸ್‌ನವರು 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್ ಫೋನ್ ತಂದಿದ್ದರು. ವಾಟ್ಸಾಪ್ ಇರಲಿಲ್ಲ. ಮಾರನೇ ವರ್ಷವೇ ಆ ಓಎಸ್ ಮಾಡಿದ ಮೊಜಿಲ್ಲಾ ಫೋನಿನ ಸಹವಾಸ ಬಿಟ್ಟಿತು. ಅದೇ ಕೋಡ್ ಕೈಓಎಸ್ ಆಗಿ ಜಿಯೋಫೋನಿಗೆ ಬಂತು, 2018ರಲ್ಲಿ ವಾಟ್ಸಾಪೂ ಸಿಕ್ಕಿತು. ಜನ ಕೊಂಡರು. ಖಾಸಗಿತನದ ಮಾತು ಯಾರೂ ಎತ್ತಲಿಲ್ಲ.

ಈಗ ನಿಜವಾಗಿ ಗಟ್ಟಿಯಾಗಿರುವುದು ಗ್ರಾಫೀನ್ ಓಎಸ್, ಇದೂ ಆಂಡ್ರಾಯ್ಡ್ ಕೋಡ್‌ನಿಂದಲೇ ಮಾಡಿದ್ದು. ತನ್ನದೇ ಕೀ ಹಾಕಿ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬಹುದು. ಪ್ಲೇ ಸ್ಟೋರ್ ಬೇಕಿದ್ದರೂ ವಿಶೇಷ ಅಧಿಕಾರವಿಲ್ಲದ ಮಾಮೂಲಿ ಆಪ್ ಥರ ಇರುತ್ತದೆ. ತಮಾಷೆ ಅಂದರೆ, ಅದು ನೆಲೆ ಕಂಡದ್ದೇ ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ. ಆ ಗೂಗಲ್ 2025ರ ಜೂನ್‌ನಲ್ಲಿ ಆಂಡ್ರಾಯ್ಡ್ 16ರ ಕೋಡ್ ಕೊಡುವಾಗ ಪಿಕ್ಸೆಲ್‌ನ ಡಿವೈಸ್ ಟ್ರೀಗಳನ್ನು (ಆಯಾ ಫೋನಿಗೆ ಓಎಸ್ ಹೊಂದಿಸಲು ಬೇಕಾದ ಫೈಲುಗಳು) ಕೊಡಲಿಲ್ಲ. ಕೆಲಸ ಜಾಸ್ತಿ ಆಯಿತು, ಆದರೂ ಗ್ರಾಫೀನ್‌ನವರು ನಿಲ್ಲಿಸಲಿಲ್ಲ. ಬ್ಯಾಂಕ್ ಆಪ್‌ಗಳದ್ದು ಬೇರೆ ಗೋಳು. ಫೋನ್ ನಂಬಬಹುದೇ ಅಂತ ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆ ಒಪ್ಪಿದರೆ ಮಾತ್ರ ತೆರೆಯುತ್ತೇವೆ ಅನ್ನುವ ಆಪ್‌ಗಳಿವೆ. ಗ್ರಾಫೀನ್‌ನ ಕೀಯನ್ನು ನೇರವಾಗಿ ಪರೀಕ್ಷಿಸುವ ದಾರಿ ಆಂಡ್ರಾಯ್ಡ್‌ನಲ್ಲೇ ಇದೆ, ಬ್ಯಾಂಕುಗಳು ಮನಸ್ಸು ಮಾಡಬೇಕು ಅಷ್ಟೆ. ಭವಿಷ್ಯ ತೀರ್ಮಾನ ಆಗುವುದು ಅಲ್ಲೇ ಅನ್ನುವುದು ನನ್ನ ಲೆಕ್ಕ.

ನೀವು ಲಿನಿಯೇಜ್ ಹಾಕುವುದಾದರೆ ಎರಡನೇ ಫೋನಿಗೆ ಹಾಕಿ. ಬ್ಯಾಂಕಿನ ಸಿಮ್ ಇರುವ ಫೋನ್ ಮುಟ್ಟಬೇಡಿ. ಲಾಕ್ ಕಮಾಂಡ್ ಅಂತೂ ಸುಮ್ನೆ ಕೂಡ ಕೊಡಬೇಡಿ.