ಆರ್ಯ–ಅನು ಜೋಡಿಯ ಮೇಲಿನ ಮಮತೆ

‘ಜೊತೆ ಜೊತೆಯಲಿ’ ಧಾರಾವಾಹಿ 2023ರಲ್ಲೇ ಮುಗಿದಿದ್ದರೂ ದಾವಣಗೆರೆಯ ನಿಮ್ಮ ಅತ್ತೆಯವರು ಆರ್ಯ–ಅನು ದೃಶ್ಯಗಳನ್ನೇ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುವುದೇಕೆ ಎಂದು ಕೇಳಿದ್ದೀರಿ. 2019ರ ಸೆಪ್ಟೆಂಬರಿನಿಂದ ರಾತ್ರಿ ಊಟದ ಹೊತ್ತಿಗೆ ತಪ್ಪದೆ ಮನೆಗೆ ಬರುತ್ತಿದ್ದ ಜೋಡಿಯನ್ನು ನೋಡುಗರು ಪಾತ್ರವೆನ್ನದೆ ನೆಂಟರೆಂದೇ ಬಗೆದಿರುತ್ತಾರೆ. ವಯಸ್ಸಿನ ದೊಡ್ಡ ಅಂತರದಿಂದಾಗಿ ಆ ಪ್ರೀತಿ ಮಾತಿಗಿಂತ ಸಂಕೋಚದಲ್ಲೇ ಬೆಳೆಯಿತು; ನಡುವಯಸ್ಸಿನ ಹೆಂಗಸರನ್ನು ಹಿಡಿದಿಟ್ಟದ್ದು ಅದೇ ಎಂಬುದು ನನ್ನ ಎಣಿಕೆ. 2022ರ ಆಗಸ್ಟಿನಲ್ಲಿ ಆರ್ಯನ ಪಾತ್ರ ಮಾಡುತ್ತಿದ್ದ ಅನಿರುದ್ಧ ಅವರು ಧಾರಾವಾಹಿಯಿಂದ ಹೊರಗಾದ ಬಳಿಕ ಅವರ ಜಾಗಕ್ಕೆ ನಟ ಹರೀಶ್ ರಾಜ್ ಬಂದಾಗ, ನಮ್ಮ ಪಿ.ಜೆ. ಬಡಾವಣೆಯಲ್ಲಿ ಮಂಡಕ್ಕಿ–ಮಿರ್ಚಿ ಮುಂದಿಟ್ಟುಕೊಂಡು ಕುಳಿತಿದ್ದ ಹೆಂಗಸರು, ನಟನೆಯಲ್ಲಿ ಕೊರತೆ ಕಾಣದಿದ್ದರೂ, ‘ಅನುವಿನ ಗಂಡ ಇವರಲ್ಲ’ ಎಂದು ಟಿ.ವಿ. ಆರಿಸಿದ್ದುಂಟು. (ಮರುದಿನ ಮತ್ತೆ ಹಾಕಿದರು, ಅದು ಬೇರೆ ಮಾತು.) ಅತ್ತೆಯವರಿಗೆ ಬುದ್ಧಿ ಹೇಳಲು ಹೋಗದೆ, ಯಾವ ದೃಶ್ಯ ಹೆಚ್ಚು ಮೆಚ್ಚುಗೆ ಎಂದು ಒಮ್ಮೆ ಕೇಳಿ ನೋಡಿ.