ಹದಿನೆಂಟನೇ ಶತಮಾನದ ಜರ್ಮನ್ ಚಿತ್ರಕಾರ ಖೊಡೊವಿಯೆಟ್ಸ್ಕಿ ಯಾರು? ಏನು ಮಾಡಿದರು?

ದಾನಿಯೆಲ್ ಖೊಡೊವಿಯೆಟ್ಸ್ಕಿ ಹುಟ್ಟಿದ್ದು 1726ರಲ್ಲಿ, ಡಾನ್ಸಿಗ್ ಊರಲ್ಲಿ. ಅದು ಈಗ ಪೋಲೆಂಡಿನ ಗ್ಡಾನ್ಸ್ಕ್. ಹದಿಹರೆಯದಲ್ಲೇ ಬರ್ಲಿನ್‌ನಲ್ಲಿದ್ದ ಸೋದರಮಾವನ ಹತ್ತಿರ ಬಂದರು. ಮೊದಮೊದಲು ಪುಟ್ಟ ಡಬ್ಬಿಗಳ ಮೇಲೆ ಎನಾಮಲ್ ಚಿತ್ರ ಬರೆಯುತ್ತಿದ್ದರು. ಆಮೇಲೆ ತೈಲಚಿತ್ರಗಳನ್ನೂ ಬಿಡಿಸಿದರು. ಆದರೆ ಹೆಸರು ತಂದುಕೊಟ್ಟಿದ್ದು ಎಚ್ಚಿಂಗ್.

ಅದರಲ್ಲಿ ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚುತ್ತಾರೆ. ಸೂಜಿಯಿಂದ ಅದರ ಮೇಲೆ ಗೀರಿ, ತಗಡನ್ನು ಆಮ್ಲಕ್ಕೆ ಹಾಕುತ್ತಾರೆ. ಗೀರಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ಹೀಗೆ ಅವರು 2,000ಕ್ಕೂ ಜಾಸ್ತಿ ಚಿತ್ರ ಮಾಡಿದರು. ಬಹಳಷ್ಟು ಅಂಗೈಯಗಲದವು, ಪುಸ್ತಕ ಮತ್ತು ಕ್ಯಾಲೆಂಡರುಗಳಿಗೆ. ಜರ್ಮನ್ ಸಾಹಿತಿಗಳಾದ ಲೆಸ್ಸಿಂಗ್, ಗಯಟೆಯವರ ಕೃತಿಗಳಿಗೂ ಚಿತ್ರ ಬರೆದರು.

ನನಗೆ ತುಂಬಾ ಇಷ್ಟವಾದದ್ದು 1771ರಲ್ಲಿ ಅವರು ತಮ್ಮ ಮನೆಯನ್ನೇ ಬಿಡಿಸಿದ ಚಿತ್ರ. ಮೇಜಿನ ಸುತ್ತ ಹೆಂಡತಿ, ಮಕ್ಕಳು. ಇವರು ಕಿಟಕಿ ಪಕ್ಕ ಕೂತು ಕೆಲಸ ಮಾಡುತ್ತಾ, ಕನ್ನಡಕದ ಮೇಲಿಂದ ಅವರನ್ನು ನೋಡುತ್ತಿದ್ದಾರೆ. ರಾಜರಿಲ್ಲ, ದೇವತೆಗಳಿಲ್ಲ. ಸುಮ್ನೆ ಒಂದು ಮನೆ, ಎಷ್ಟು ಆಪ್ತ ಅಲ್ವಾ?

1773ರಲ್ಲಿ ಅಮ್ಮನನ್ನು ನೋಡಲು ಕುದುರೆ ಏರಿ ಡಾನ್ಸಿಗ್‌ಗೆ ಹೊರಟರು. ಊರು ಬಿಟ್ಟು ಆಗಲೇ 30 ವರ್ಷ! ಛತ್ರ, ರಸ್ತೆ, ನೆಂಟರು, ಅಮ್ಮನ ಭೇಟಿ, ಎಲ್ಲವನ್ನೂ ನೂರಕ್ಕೂ ಹೆಚ್ಚು ರೇಖಾಚಿತ್ರಗಳಲ್ಲಿ ಹಿಡಿದಿಟ್ಟರು. ಮುಂದೆ ಬರ್ಲಿನ್ ಕಲಾ ಅಕಾಡೆಮಿಯ ನಿರ್ದೇಶಕರಾದರು. 1801ರಲ್ಲಿ ತೀರಿಕೊಂಡರು.